ಹಳೆಯ ಕ್ರಯಚೀಟು, ತೆರಿಗೆ ರಶೀದಿ, ಸರ್ಟಿಫಿಕೇಟುಗಳನ್ನೆಲ್ಲ ಒಂದೇ ಪಿಡಿಎಫ್ ಮಾಡುವುದು ಹೇಗೆ?

ಪ್ರಶ್ನೆ: ಪುತ್ತಿಗೆಯ ಕೃಷಿಕ (ಕಾಸರಗೋಡು, ಕೇರಳ)

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟಕ್ಕೆ ಹೊಸತಾಗಿ ನೀರಿನ ವ್ಯವಸ್ಥೆ ಮಾಡಿಸುವುದಕ್ಕೆಂದು ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಜಾಗದ ದಾಖಲೆಗಳನ್ನೆಲ್ಲ ಒಂದೇ ಪಿಡಿಎಫ್ ಆಗಿ, 5 ಎಂಬಿ ಮೀರದಂತೆ ಅಪ್‌ಲೋಡ್ ಮಾಡಬೇಕೆಂದು ಬ್ಯಾಂಕಿನವರು ತಿಳಿಸಿದ್ದಾರೆ. ನನ್ನಲ್ಲಿ ಇರುವುದು ಒಟ್ಟು 38 ಪುಟ. ಅಜ್ಜನ ಹೆಸರಿಗೆ 1949ರಲ್ಲಿ ಆದ ಕ್ರಯಚೀಟು ಮತ್ತು ಆಮೇಲಿನ ಪಾಲುಪಟ್ಟಿ ಸೇರಿ 14 ಪುಟ. ಇವೆರಡೂ ಕನ್ನಡದ ಕೈಬರಹದವು, ಮೊಬೈಲಿನಲ್ಲಿ ಫೋಟೋ ತೆಗೆದಿದ್ದೇನೆ. ಆ ಬರಹ ಈಗಿನವರಿಗೆ ಓದಲು ಕಷ್ಟವೆಂದು ನನ್ನ ಸೋದರಮಾವ ಅದನ್ನು ಸ್ಫುಟವಾಗಿ ಟೈಪ್ ಮಾಡಿಕೊಟ್ಟ 6 ಪುಟದ ವರ್ಡ್ ಕಡತವೊಂದಿದೆ. ಅದು ಹಳೆಯ ನುಡಿ ಅಕ್ಷರಶೈಲಿಯಲ್ಲಿದೆ. ಉಳಿದದ್ದು ಮಲೆಯಾಳದಲ್ಲಿರುವ ತೆರಿಗೆ ರಶೀದಿಗಳು 11, ಇ.ಸಿ. (ಜಾಗದ ಮೇಲಿನ ಋಣಭಾರದ ಪತ್ರ) 4 ಪುಟ, ವಿಲೇಜ್ ಆಫೀಸಿನಿಂದ ಆನ್‌ಲೈನ್ ಮೂಲಕ ಬಂದ ಕೈವಶ ಸರ್ಟಿಫಿಕೇಟು 2 ಪುಟ ಮತ್ತು ಆಧಾರ್.

ಇವನ್ನೆಲ್ಲ ಉಚಿತವಾಗಿ ಜೋಡಿಸಿಕೊಡುವ ಒಂದು ಜಾಲತಾಣಕ್ಕೆ ಹಾಕಿ ನೋಡಿದೆ. ಬಂದ ಕಡತ 68 ಎಂಬಿ ಇತ್ತು. ಒಂದನೆಯ ಪುಟದ ನಂತರ ಹತ್ತು, ಹನ್ನೊಂದು ಬಂದು ಆಮೇಲೆ ಎರಡು ಬಂದಿತ್ತು. ಮಾವ ಟೈಪ್ ಮಾಡಿದ ಆರು ಪುಟಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಇನ್ನೊಂದು ಜಾಲತಾಣದಲ್ಲಿ ಅದನ್ನು ಕುಗ್ಗಿಸಿದಾಗ 4 ಎಂಬಿಗೆ ಇಳಿಯಿತು, ಆದರೆ ಕ್ರಯಚೀಟಿನ ಸರ್ವೆ ನಂಬ್ರದ ಕೊನೆಯ ಅಂಕಿಯನ್ನು ೬ ಎಂದು ಓದಬೇಕೋ ೯ ಎಂದು ಓದಬೇಕೋ ತಿಳಿಯದಂತೆ ಮಸುಕಾಯಿತು. ಜಾಗದ ದಾಖಲೆಯಲ್ಲಿ ಅದೊಂದು ಅಂಕಿಯೇ ಎಲ್ಲವೂ ಅಲ್ಲವೇ? ಸರಿಯಾದ ಕ್ರಮವನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಮಾಷ್ಟ್ರು, ಕುಂಬಳೆ

ತಾವು ಎದುರಿಸಿದ ತೊಂದರೆಗಳಲ್ಲಿ ಒಂದು ಕೂಡ ಜೋಡಿಸುವ ಕೆಲಸದಿಂದ ಹುಟ್ಟಿದ್ದಲ್ಲ. ಜೋಡಿಸುವ ತಂತ್ರಾಂಶ ಪುಟಗಳನ್ನು ಇದ್ದ ಹಾಗೆಯೇ ಒಂದರ ಹಿಂದೆ ಒಂದು ಇರಿಸುತ್ತದೆ, ಅಷ್ಟೆ. ಪುಟ ಭಾರವಾಗಿದ್ದರೆ ಭಾರವಾಗಿಯೇ, ಓರೆಯಾಗಿದ್ದರೆ ಓರೆಯಾಗಿಯೇ ಸೇರುತ್ತದೆ. ಆದ್ದರಿಂದ ಒಂದೊಂದು ದಾಖಲೆಯನ್ನೂ ಬೇರೆಬೇರೆಯಾಗಿ ಸರಿಪಡಿಸಿ, ತೆರೆದು ನೋಡಿ, ಕೊನೆಯಲ್ಲಿ ಮಾತ್ರ ಒಟ್ಟುಗೂಡಿಸಬೇಕು. ಎಲ್ಲವನ್ನೂ ಸೇರಿಸಿದ ಮೇಲೆ ಒಟ್ಟಾಗಿ ಕುಗ್ಗಿಸಲು ಹೋದರೆ ರಶೀದಿಗೂ ಕ್ರಯಚೀಟಿಗೂ ಒಂದೇ ಅಳತೆ ಬೀಳುತ್ತದೆ, ತಮ್ಮ ಸರ್ವೆ ನಂಬ್ರ ಕೆಟ್ಟದ್ದು ಅದರಿಂದಲೇ.

ಮೊದಲು ಮಾವನವರ ಟೈಪ್ ಪ್ರತಿಯ ವಿಷಯ. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತದ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ರೂಪವನ್ನು ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೊಡಿಸಿದ ರೂಪ ಕಳಚಿ ಹೋಗುತ್ತದೆ. ತಾವು ವರ್ಡ್ ಕಡತವನ್ನೇ ಜಾಲತಾಣಕ್ಕೆ ಕೊಟ್ಟಿರಿ, ಅಲ್ಲಿ ಆ ಫಾಂಟ್ ಇರಲಿಲ್ಲ. ಮಾವನವರ ಕಂಪ್ಯೂಟರಿನಲ್ಲಿಯೇ ಅದನ್ನು ತೆರೆದು ಪಿಡಿಎಫ್ ಆಗಿ ಉಳಿಸಿ ತರಬೇಕು. ಆಗ ಫಾಂಟ್ ಕಡತದ ಒಳಗೇ ಅಡಕವಾಗುತ್ತದೆ, ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಸಮಯವಿದ್ದರೆ ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ನಮ್ಮ ಕಡೆಯ ಎಷ್ಟೋ ಶಾಲೆಗಳ ಸ್ಮರಣ ಸಂಚಿಕೆಗಳು ಇಂದು ತೆರೆಯಲಾರದ ಕಡತಗಳಾಗಿ ಬಿದ್ದಿರುವುದನ್ನು ಕಂಡು ನನಗೆ ನೋವಾಗಿದೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದಾಗಿ ಕ್ರಯಚೀಟು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ ಆ ಕಾಲದ ಇಂತಹ ದಸ್ತಾವೇಜುಗಳು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಕನ್ನಡದಲ್ಲಿಯೇ ಇವೆ; ಅವು ಮಡಚಿದ ಗೆರೆಯಲ್ಲಿ ಸವೆದಿರುತ್ತವೆ, ಶಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೊಬೈಲಿನ ಕೆಲವು ಸ್ಕ್ಯಾನರ್ ಆ್ಯಪ್‌ಗಳು ತಾವಾಗಿಯೇ ಅದನ್ನು ಅಪ್ಪಟ ಕಪ್ಪು-ಬಿಳುಪಿಗೆ ತರುತ್ತವೆ. ಆಗ ಹಿನ್ನೆಲೆ ಬೆಳ್ಳಗಾಗುವ ಭರದಲ್ಲಿ ತೆಳುವಾದ ಗೆರೆಗಳೂ ರಿಜಿಸ್ಟ್ರಾರರ ಮೊಹರೂ ಅಳಿಸಿ ಹೋಗುತ್ತವೆ. ಹಾಗಾಗಿ ಆ 14 ಪುಟಗಳನ್ನು ಬಣ್ಣದಲ್ಲಿಯೇ ಇಡಿ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆಗಳಂತೆ) ಒಮ್ಮೆ ಸ್ಕ್ಯಾನ್ ಮಾಡಿಸಿ ಮೂಲಪ್ರತಿಯಾಗಿ ಮನೆಯಲ್ಲಿ ಇಟ್ಟುಕೊಳ್ಳಿ, ಬ್ಯಾಂಕಿಗಾಗಿ ಅದರಿಂದ 200 ಡಿಪಿಐಯ ಪ್ರತಿಯನ್ನು ಮಾಡಿ. ಎ4 ಪುಟ 300ರಲ್ಲಿ 2480×3508 ಪಿಕ್ಸೆಲ್ ಇದ್ದರೆ 200ರಲ್ಲಿ 1654×2339 ಆಗುತ್ತದೆ, ಅಂದರೆ ಪಿಕ್ಸೆಲ್‌ಗಳು ಅರ್ಧಕ್ಕಿಂತಲೂ ಕಡಿಮೆ. ತೆರಿಗೆ ರಶೀದಿಗಳಿಗೆ ಬೂದುಬಣ್ಣದ 150 ಡಿಪಿಐ ಧಾರಾಳ ಸಾಕು.

ಲೆಕ್ಕ ಹೀಗೆ ಹಾಕಿಕೊಳ್ಳಿ. ದಸ್ತಾವೇಜಿನ ಪುಟ ಒಂದಕ್ಕೆ 200 ಕೆಬಿಯಂತೆ 14 ಪುಟಕ್ಕೆ 2.8 ಎಂಬಿ; ಉಳಿದ 24 ಪುಟಗಳಿಗೆ ಸರಾಸರಿ 70 ಕೆಬಿಯಂತೆ ಸುಮಾರು 1.7 ಎಂಬಿ. ಒಟ್ಟು 4.5 ಎಂಬಿ. ಪ್ರತಿ ಪುಟವನ್ನು ಕುಗ್ಗಿಸಿದಾಗಲೂ ಮಡಚಿದ ಗೆರೆಯ ಮೇಲಿರುವ ಅಂಕಿಯನ್ನೂ ಚಕ್ಕುಬಂದಿಯ ಸಾಲುಗಳನ್ನೂ ದೊಡ್ಡದು ಮಾಡಿ ಓದಿ ನೋಡಿ. ಮೂಡು, ತೆಂಕು, ಪಡು, ಬಡಗು ನಾಲ್ಕೂ ಸಂದೇಹವಿಲ್ಲದೆ ಓದಲು ಬಂದರೆ ಮಾತ್ರ ಆ ಪುಟ ಸಿದ್ಧವಾಯಿತೆಂದು ತಿಳಿಯಿರಿ.

ಪುಟಗಳು ಅಡ್ಡಾದಿಡ್ಡಿಯಾದದ್ದು ಹೆಸರಿನಿಂದ. ಕಂಪ್ಯೂಟರ್ ಕಡತದ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವಾಗ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. 01, 02 ಎಂದು ಸೊನ್ನೆ ಸೇರಿಸಿ ಹೆಸರಿಟ್ಟರೆ ಮುಗಿಯಿತು.

ಜೋಡಿಸಲು ಅಂತರ್ಜಾಲದ ತಾಣಗಳು ಬೇಡ. ಅಜ್ಜನ ಕ್ರಯಚೀಟನ್ನೂ ಆಧಾರನ್ನೂ ಗುರುತಿಲ್ಲದವರ ಕಂಪ್ಯೂಟರಿಗೆ ಏಕೆ ಕಳುಹಿಸಬೇಕು? ವಿಂಡೋಸ್ ಇದ್ದರೆ ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. ನಮ್ಮ ಶಾಲೆಗಳಲ್ಲಿ ಕೈಟ್ (ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಕೊಟ್ಟಿರುವ ಲ್ಯಾಪ್‌ಟಾಪುಗಳು ಉಬುಂಟು ಆಧಾರಿತವಾದ ಕಾರಣ, ಮನೆಯ ಮಕ್ಕಳಿಗೆ ಅದರ ಬಳಕೆ ಗೊತ್ತಿರುತ್ತದೆ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ಪಿಡಿಎಫ್‌ಯುನೈಟ್ (pdfunite) ಎಂಬ ಆಜ್ಞೆಯ ಮುಂದೆ ಕಡತಗಳ ಹೆಸರನ್ನು ಕ್ರಮವಾಗಿ ಬರೆದು, ಕೊನೆಯಲ್ಲಿ ಹೊಸ ಕಡತದ ಹೆಸರನ್ನು ಕೊಟ್ಟರೆ ಕ್ಷಣದಲ್ಲಿ ಆಗುತ್ತದೆ. ಒಂದು ಎಚ್ಚರ: ಹೊಸ ಹೆಸರನ್ನು ಕೊಡಲು ಮರೆತರೆ ಅದು ಕೊನೆಯ ದಾಖಲೆಯ ಮೇಲೆಯೇ ಬರೆದುಬಿಡುತ್ತದೆ. ಮೂಲಗಳನ್ನು ಬೇರೆ ಫೋಲ್ಡರಿನಲ್ಲಿ ನಕಲು ಮಾಡಿಟ್ಟ ನಂತರವೇ ಕೈಹಚ್ಚಿ. ಪುಟಗಳನ್ನು ಕಣ್ಣಾರೆ ನೋಡುತ್ತ ಎಳೆದು ಜೋಡಿಸಬೇಕೆಂದಿದ್ದರೆ ಪಿಡಿಎಫ್ ಅರೇಂಜರ್ ಅನುಕೂಲ.

ಉತ್ತರ: ಬದಿಯಡ್ಕದ ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸರಕಾರಿ ಸೇವಾಕೇಂದ್ರ) ಕೆಲಸಗಾರ

ಮಾಷ್ಟ್ರು ಎಲ್ಲವನ್ನೂ ಹೇಳಿದ್ದಾರೆ. ಒಂದು ವಿಷಯ ಮಾತ್ರ ಉಳಿದಿದೆ, ಅದು ಸಣ್ಣದಲ್ಲ. ಕೈವಶ ಸರ್ಟಿಫಿಕೇಟಿನಲ್ಲಿ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಎಂದರೆ ಪುಟದ ಮೇಲೆ ಕಾಣುವ ಚಿತ್ರವಲ್ಲ. ಇಡೀ ಕಡತದ ಒಳಗಿರುವುದನ್ನು ಲೆಕ್ಕಹಾಕಿ ಹಾಕಿದ ಮುದ್ರೆ. ಬೇರೆ ಕಡತಗಳೊಂದಿಗೆ ಸೇರಿಸಿದಾಗ ಹೊಸದೊಂದು ಕಡತ ಹುಟ್ಟುವುದರಿಂದ ಆ ಮುದ್ರೆ ಬಿದ್ದುಹೋಗುತ್ತದೆ ಅಥವಾ ಅಮಾನ್ಯವೆಂದು ತೋರುತ್ತದೆ. ಪುಟದಲ್ಲಿ ಅಧಿಕಾರಿಯ ಹೆಸರು, ದಿನಾಂಕ ಹಾಗೆಯೇ ಕಾಣುತ್ತಿರುತ್ತದೆ, ಆದುದರಿಂದಲೇ ಜನ ಮೋಸಹೋಗುತ್ತಾರೆ. ಕೇಂದ್ರಕ್ಕೆ ಬಂದ ಒಬ್ಬ ಹಿರಿಯರು ಎಲ್ಲವನ್ನೂ ಜೋಡಿಸಿದ ಮೇಲೆ ಮೂಲಗಳನ್ನು ಅಳಿಸಿಬಿಟ್ಟಿದ್ದರು. ಅವರಿಗಾಗಿ ಸರ್ಟಿಫಿಕೇಟನ್ನು ಮತ್ತೆ ಇಳಿಸಿಕೊಳ್ಳಬೇಕಾಯಿತು.

ಆದ್ದರಿಂದ ಒಟ್ಟು ಕಡತದಲ್ಲಿ ಅದರ ಪ್ರತಿ ಇರಲಿ, ಸಹಿಯಿರುವ ಮೂಲ ಪಿಡಿಎಫನ್ನು ಪ್ರತ್ಯೇಕವಾಗಿ ಕಳುಹಿಸಲು ದಾರಿ ಇದೆಯೇ ಎಂದು ಬ್ಯಾಂಕಿನವರನ್ನು ಕೇಳಿ. ಪಿಡಿಎಫ್‌ನ ಒಳಗೆ ಇನ್ನೊಂದು ಪಿಡಿಎಫನ್ನು ಲಗತ್ತಾಗಿ ಇಡಲೂ ಸಾಧ್ಯವಿದೆ, ಹಾಗೆ ಇಟ್ಟರೆ ಸಹಿ ಕೆಡುವುದಿಲ್ಲ. ಆದರೆ ಕೆಲವು ಅಪ್‌ಲೋಡ್ ಪುಟಗಳು ಲಗತ್ತು ಇರುವ ಕಡತವನ್ನು ಒಪ್ಪುವುದಿಲ್ಲ.

ಆಧಾರ್ ಬಗ್ಗೆ: ಇಳಿಸಿಕೊಂಡ ಇ-ಆಧಾರ್‌ಗೆ ಪಾಸ್‌ವರ್ಡ್ ಇರುವುದರಿಂದ ಜೋಡಿಸುವ ತಂತ್ರಾಂಶ ಅಲ್ಲಿ ತಡೆಯುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ, ಇದೇ ಪಾಸ್‌ವರ್ಡ್. ಅದನ್ನು ಕೊಟ್ಟು ತೆರೆದು, ಪ್ರಿಂಟ್ ಆಯ್ಕೆಯಲ್ಲಿ ಪಿಡಿಎಫ್ ಆಗಿ ಉಳಿಸಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ. ಬ್ಯಾಂಕಿನವರು ಒಪ್ಪುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರನ್ನೇ ಸೇರಿಸಿ.

ಉತ್ತರ: ಮಂಜೇಶ್ವರದ ಓದುಗಿ

ನಾನು ವಕೀಲರೊಬ್ಬರ ಕಚೇರಿಯಲ್ಲಿ ದಾಖಲೆಗಳನ್ನು ಓದುವ ಕೆಲಸ ಮಾಡುತ್ತೇನೆ. ಓದುವವರ ಕಡೆಯಿಂದ ಒಂದು ಕೋರಿಕೆ: ಎಲ್ಲಕ್ಕಿಂತ ಮೊದಲು ಒಂದು ಪುಟದ ವಿವರಪಟ್ಟಿಯನ್ನು ಸೇರಿಸಿ. ದಾಖಲೆಯ ಹೆಸರು, ವರ್ಷ, ಯಾವ ಭಾಷೆ, ಎಷ್ಟನೆಯ ಪುಟದಿಂದ ಎಷ್ಟನೆಯ ಪುಟದವರೆಗೆ ಎಂಬುದಿಷ್ಟು ಸಾಕು. ನಮ್ಮ ಜಿಲ್ಲೆಯ ಕಡತವೊಂದರಲ್ಲಿ ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರೂ ಇರುತ್ತವೆ; ಕನ್ನಡ ಓದಲು ಬಾರದ ಅಧಿಕಾರಿಯ ಮುಂದೆ ಹದಿನಾಲ್ಕು ಪುಟದ ಕೈಬರಹ ಬಂದರೆ ಅವರು ಮುಂದಕ್ಕೆ ಸರಿಸಿಬಿಡುವ ಅಪಾಯವಿದೆ. ಮಾವನವರ ಟೈಪ್ ಪ್ರತಿಯನ್ನು ಕೊನೆಯಲ್ಲಿ ಹಾಕಬೇಡಿ, ಕ್ರಯಚೀಟಿನ ಬೆನ್ನಿಗೇ ಹಾಕಿ. ಅದು ಮೂಲವಲ್ಲ, ಓದಲು ಅನುಕೂಲಕ್ಕಾಗಿ ಮಾಡಿದ್ದು ಎಂದು ಅದರ ತಲೆಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪುತ್ತಿಗೆಯ ಕೃಷಿಕ

ಮಾಷ್ಟ್ರೇ, ಅಣ್ಣ, ಅಕ್ಕ, ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮಗಳು ಮತ್ತು ನಾನು ಕುಳಿತು ಮುಗಿಸಿದೆವು. ವಿವರಪಟ್ಟಿಯೂ ಸೇರಿ 39 ಪುಟ, 4.6 ಎಂಬಿ. ಸರ್ವೆ ನಂಬ್ರದ ಕೊನೆಯ ಅಂಕಿ ೬ ಎಂದು ಈಗ ನಿಸ್ಸಂದೇಹವಾಗಿ ಓದಬಹುದು, ಅದರ ತಿರುವಿನಲ್ಲಿದ್ದ ಶಾಯಿಯ ಚುಕ್ಕೆಯೂ ಕಾಣುತ್ತದೆ. ಸಹಿಯಿರುವ ಸರ್ಟಿಫಿಕೇಟನ್ನು ಇಮೇಲಿನಲ್ಲಿ ಬೇರೆಯಾಗಿ ಕಳುಹಿಸಲು ಬ್ಯಾಂಕಿನವರು ಒಪ್ಪಿದ್ದಾರೆ. ಅಪ್‌ಲೋಡ್ ಮಾಡುವ ಮೊದಲು ಇನ್ನೇನಾದರೂ ನೋಡಬೇಕೇ?

ಮಾಷ್ಟ್ರು, ಕುಂಬಳೆ

ಛಾಪಾ ಕಾಗದಗಳ ಹಿಂಬದಿಯನ್ನು ನೋಡಿದ್ದೀರಾ? ನೋಂದಣಿಯ ಷರಾ, ನಂಬ್ರ, ಸಾಕ್ಷಿಗಳ ರುಜು ಹಳೆಯ ಚೀಟುಗಳಲ್ಲಿ ಅನೇಕ ಬಾರಿ ಹಿಂಬದಿಯಲ್ಲಿ ಇರುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಬಿಟ್ಟುಹೋಗುವುದು ಅದೇ. ಪೆಟ್ಟಿಗೆಯಿಂದ ಮೂಲವನ್ನು ತೆಗೆದು, ಕಾಗದಗಳನ್ನು ಒಂದೊಂದಾಗಿ ಮಗುಚಿ, ಬರಹವಿರುವ ಮುಖಗಳನ್ನು ಎಣಿಸಿ. ಎಣಿಕೆ 14 ಬಂದರೆ ಇಂದೇ ಅಪ್‌ಲೋಡ್ ಮಾಡಿಬಿಡಿ.

ಪುತ್ತಿಗೆಯ ಕೃಷಿಕ

ಎಣಿಸಿದೆ ಮಾಷ್ಟ್ರೇ. 15 ಇದೆ. ಪಾಲುಪಟ್ಟಿಯ ಕೊನೆಯ ಹಾಳೆಯ ಹಿಂದೆ ಷರಾ ಇತ್ತು, ನಾನು ನೋಡಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಆ ಒಂದು ಮುಖವನ್ನೂ ಸ್ಕ್ಯಾನ್ ಮಾಡಿಸಿ, ವಿವರಪಟ್ಟಿಯ ಪುಟಸಂಖ್ಯೆಗಳನ್ನು ತಿದ್ದಿ, ಮತ್ತೊಮ್ಮೆ ಜೋಡಿಸುತ್ತೇನೆ.