ಬೋಟು ರಜೆ ಮುಗಿದ ಮೇಲೆ ಪಿಕಪ್ ಮೈಲೇಜ್ ಬಿದ್ದಿದೆ, ಎಂತ ನೋಡುವುದು?

ಮಲ್ಪೆ ಪಿಕಪ್:
ನನ್ನದು 2011ರ ಡೀಸೆಲ್ ಪಿಕಪ್, ಮಲ್ಪೆಯಿಂದ ಮಂಗಳೂರಿಗೆ ಮೀನು ಬಾಡಿಗೆ. ಮೇ ತನಕ ಲೀಟರಿಗೆ 12 ಕೊಡ್ತಿತ್ತು. ಜೂನ್ 1ರಿಂದ ಜುಲೈ 31 ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟಿಗೆ ರಜೆ ಅಲ್ವಾ, 61 ದಿನ ಅಂಗಳದಲ್ಲೇ ಮಳೆಗೆ ನಿಂತಿತ್ತು. ಆಗಸ್ಟಿನಲ್ಲಿ ತೆಗೆದ ಮೇಲೆ 9ರ ಮೇಲೆ ಹೋಗುವುದು ಕಷ್ಟ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸತು. ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಳಿಗೆ) ಬಿಚ್ಚಬೇಕು ಅಂತಾರೆ. ಅಷ್ಟು ದುಡ್ಡು ಹಾಕುವ ಮೊದಲು ಇಲ್ಲಿ ಕೇಳುವ ಅಂತ.

ಸುರತ್ಕಲ್ ಡೀಸೆಲ್:
9 ಅಂತ ಹೇಗೆ ಲೆಕ್ಕ ಹಾಕಿದ್ದು? ಸಾವಿರದ ಡೀಸೆಲ್ ಹಾಕಿಸಿ ಮುಳ್ಳು ನೋಡಿದ್ದಾದರೆ ಅದು ಲೆಕ್ಕವೇ ಅಲ್ಲ. ಗನ್ ತಾನಾಗಿ ನಿಲ್ಲುವ ತನಕ ತುಂಬಿಸಿ, 400 ಕಿ.ಮೀ. ಓಡಿಸಿ, ಪುನಃ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ. ಕಪ್ಪು ಹೊಗೆ ಉಂಟಾ? ಟಯರ್ ದೊಡ್ಡದು ಹಾಕಿದ್ದೀರಾ? ಹಾಕಿದ್ದರೆ ಮೀಟರು ಓಡಿದ್ದಕ್ಕಿಂತ ಕಡಿಮೆ ತೋರಿಸ್ತದೆ, ಸುಮ್ಮನೆ ಎಂಜಿನ್ ಮೇಲೆ ಅಪವಾದ.

ಮಲ್ಪೆ ಪಿಕಪ್:
ಟಯರ್ ಅದೇ ಸೈಜ್, ಗಾಳಿ ಸರಿ ಉಂಟು. ಹೊಗೆ ಇಲ್ಲ. ಫುಲ್ ಟ್ಯಾಂಕ್ ಲೆಕ್ಕ: 412 ಕಿ.ಮೀ.ಗೆ 43 ಲೀಟರ್, ಅಂದರೆ 9.6. ಒಂದು ವಿಷಯ, ಖಾಲಿ ಬರುವಾಗಲೂ ಲೋಡ್ ಇದ್ದ ಹಾಗೆ ಭಾರ ಅನಿಸ್ತದೆ.

ಕುಂದಾಪುರದ ಹಳೇ ಡ್ರೈವರ್:
ಹೊಗೆ ಇಲ್ಲ, ಭಾರ ಉಂಟು. ಇಂಜೆಕ್ಟರ್ ಸದ್ಯಕ್ಕೆ ಬಿಡಿ ಮಾರಾಯ್ರೆ. 61 ದಿನ ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದಲ್ವಾ? ಮೀನಿನ ಗಾಡಿಗೆ ಐಸ್ ನೀರು, ಉಪ್ಪು ನೀರು ಇಳಿದು ಇಳಿದು ಕೇಬಲ್ ಒಳಗೇ ತುಕ್ಕು ಹಿಡೀತದೆ. ಲಿವರ್ ಕೆಳಗೆ ಬಂದರೂ ಹಿಂದಿನ ಬ್ರೇಕ್ ಶೂ ವಾಪಸ್ ಹೋಗುವುದಿಲ್ಲ, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜಿಕೊಂಡೇ ಓಡ್ತದೆ.

ಹೈವೇಯಲ್ಲಿ 5 ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ಬದಿಗೆ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಮಾತ್ರ ಕಾದಿದ್ದರೆ ಕಳ್ಳ ಅದೇ. ಮನೆಗೆ ಬಂದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಚಕ್ರ ಕಳಚಿ ಡ್ರಮ್ ತೆಗೆಯಿರಿ. ಡ್ರಮ್ ಬರದಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ. ಎಷ್ಟೋ ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇರ್ತದೆ, ಅದಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸಮಸಮ ಬಿಗಿಸಿದರೆ ತಾನೇ ಹೊರಗೆ ಬರ್ತದೆ.

ಸುರತ್ಕಲ್ ಡೀಸೆಲ್:
ಇದು ನನಗೆ ಹೊಳೆಯಲಿಲ್ಲ. ಜೊತೆಗೆ ಟೆಂಪರೇಚರ್ ಮುಳ್ಳೂ ನೋಡಿ. ಹೈವೇಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ತಳದಲ್ಲೇ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ತೆರೆದೇ ನಿಂತಿರಬಹುದು. ಎಂಜಿನ್ ತಣ್ಣಗಿದ್ದಷ್ಟೂ ಡೀಸೆಲ್ ಹೆಚ್ಚು ಕುಡೀತದೆ.

ಮಲ್ಪೆ ಪಿಕಪ್:
ಹಿಂದಿನ ಎಡ ಚಕ್ರ! ಕಟಪಾಡಿಯಲ್ಲಿ ನಿಲ್ಲಿಸಿ ಎರಡು ಹನಿ ನೀರು ಚಿಮುಕಿಸಿದೆ, ಚುಂಯ್ ಅಂತು. ಬಲದ್ದು ಬರೀ ಬೆಚ್ಚಗೆ. ಡ್ರಮ್ ಬಿಚ್ಚಿದರೆ ಒಳಗೆ ಕೆಂಪು ಹುಡಿ, ಒಂದು ಶೂವಿನ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ಕಾಗದದಷ್ಟು ಉಳಿದಿತ್ತು. ಕೇಬಲಿನ ಹೊರ ಕವರ್ ಒಡೆದು ಒಳಗಿನ ತಂತಿ ಹುರಿ ಬಿಚ್ಚಿಕೊಂಡಿತ್ತು. ಕೇಬಲ್, ಎರಡೂ ಬದಿಯ ಶೂ, ಸ್ಪ್ರಿಂಗ್ ಹೊಸತು ಹಾಕಿಸಿದೆ. ಈಗ 390 ಕಿ.ಮೀ.ಗೆ 33.5 ಲೀಟರ್, 11.6 ಬಂತು.

ಮುಳ್ಳು ಮಾತ್ರ ನೀವು ಹೇಳಿದ ಹಾಗೆ ತಳದಲ್ಲೇ. ಎಂಜಿನ್ ಪೂರಾ ತಣಿದ ಮೇಲೆ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಬಿಚ್ಚಿದೆ, ಒಳಗೆ ಥರ್ಮೋಸ್ಟಾಟೇ ಇಲ್ಲ! ಹಿಂದಿನ ಮಾಲೀಕರ ಕಾಲದಲ್ಲಿ ಬಿಸಿ ಆಗ್ತದೆ ಅಂತ ಯಾರೋ ಕಿತ್ತು ಬಿಸಾಡಿರಬೇಕು.

ಕುಂದಾಪುರದ ಹಳೇ ಡ್ರೈವರ್:
ಹಾಗಾದರೆ ಆಗ ಯಾಕೆ ಬಿಸಿ ಆಗ್ತಿತ್ತು ಅಂತ ಮೊದಲು ನೋಡಿ, ರೇಡಿಯೇಟರ್ ಫ್ಲಶ್ ಮಾಡಿಸಿಯೇ ಹೊಸತು ಕೂರಿಸಿ. ಬರುವ ಜೂನಿನಲ್ಲಿ ಗಾಡಿ ಗೇರಿನಲ್ಲಿಡಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಮುಟ್ಟಬೇಡಿ.