ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಐರ್ಲೆಂಡ್‌ನವರು: ಬರೀ ಸೈನಿಕರೇನಾ?

ಪ್ರಶ್ನೆ (ವಿದ್ಯಾರ್ಥಿನಿ, ಹುಬ್ಬಳ್ಳಿ)
ಎಲ್ಲರಿಗೂ ನಮಸ್ಕಾರ್ರಿ. ಕಾಲೇಜಿನಲ್ಲಿ ಹತ್ತು ನಿಮಿಷ ಮಾತಾಡಬೇಕಿದೆ. ಐರ್ಲೆಂಡ್‌ನಿಂದ ವಲಸೆ ಹೋಗಿ ಅಮೆರಿಕದ ಸ್ವಾತಂತ್ರ್ಯಕ್ಕೆ ದುಡಿದವರ ವಿಷಯ ತಗೊಂಡಿದ್ದೇನೆ. ಎಲ್ಲಿ ಹುಡುಕಿದರೂ ಸೈನಿಕರ ಹೆಸರೇ ಸಿಗುತ್ತಿವೆ. ಬೇರೆ ಕೆಲಸ ಮಾಡಿದವರು ಯಾರೂ ಇಲ್ವಾ?

ಉತ್ತರ (ನಿವೃತ್ತ ಶಿಕ್ಷಕ, ಧಾರವಾಡ)
ಇದ್ದಾರಮ್ಮ. ಆದರೆ ಸೈನಿಕರನ್ನು ಪೂರ್ತಿ ಬಿಡಬೇಡಿ. ಜನರಲ್ ರಿಚರ್ಡ್ ಮಾಂಟ್ಗೊಮರಿ 1775ರ ಡಿಸೆಂಬರ್ 31ರಂದು ಕೆನಡಾದ ಕ್ವಿಬೆಕ್ ಮೇಲಿನ ದಾಳಿಯಲ್ಲಿ ಸತ್ತರು. ಸಮುದ್ರದಲ್ಲಿ ಹೋರಾಡಿದವರು ಐರ್ಲೆಂಡ್‌ನ ವೆಕ್ಸ್‌ಫರ್ಡ್‌ನ ಜಾನ್ ಬ್ಯಾರಿ. ಇನ್ನು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ಜೇಮ್ಸ್ ಸ್ಮಿತ್, ಜಾರ್ಜ್ ಟೇಲರ್, ಮ್ಯಾಥ್ಯೂ ಥಾರ್ನ್‌ಟನ್ ಮೂವರೂ ಐರ್ಲೆಂಡ್‌ನಲ್ಲಿ ಹುಟ್ಟಿದವರು.

ಉತ್ತರ (ಪ್ರೆಸ್‌ನವನು, ಗದಗ)
ತಂಗಿ, ನೀನು ಮುದ್ರಕ ಜಾನ್ ಡನ್‌ಲಾಪ್ ಬಗ್ಗೆ ಮಾತಾಡು. ನಾನು ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತಲೇ ಕೆಲಸ ಕಲಿತವನು. ಆ ಹೋರಾಟದಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಅವನೇ.

ಐರ್ಲೆಂಡ್‌ನ ಟೈರೋನ್ ಕಡೆಯ ಸ್ಟ್ರಬೇನ್ ಅವನ ಊರು. ಹತ್ತು ವರ್ಷದ ಹುಡುಗ ಫಿಲಡೆಲ್ಫಿಯಾದಲ್ಲಿದ್ದ ಕಾಕಾನ ಪ್ರೆಸ್ಸಿಗೆ ಕೆಲಸ ಕಲಿಯಲು ಹೋದ. ಮುಂದೆ ಅದನ್ನು ತಾನೇ ನಡೆಸಿದ. 1776ರ ಜುಲೈ 4ರಂದು ಕಾಂಗ್ರೆಸ್, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆ, ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿತು. ಅಚ್ಚು ಹಾಕುವ ಕೆಲಸ ಡನ್‌ಲಾಪ್‌ಗೆ ಬಂತು, ಅದೂ ರಾತ್ರೋರಾತ್ರಿ.

1,300ಕ್ಕೂ ಜಾಸ್ತಿ ಪದ. ಒಂದೊಂದೇ ಮೊಳೆ ಆರಿಸಿ ಉಲ್ಟಾ ಜೋಡಿಸಬೇಕು, ಸಾಲು ಬಿಗಿ ಮಾಡಬೇಕು, ಪ್ರೂಫ್ ತೆಗೆದು ತಿದ್ದಬೇಕು. ಆಮೇಲೆ ಕೈಪ್ರೆಸ್ಸಿನಲ್ಲಿ ಒಂದೊಂದೇ ಹಾಳೆ. ಸುಮಾರು 200 ಪ್ರತಿ ಹಾಕಿರಬೇಕು ಅಂತಾರೆ. ಈಗ ಸಿಕ್ಕಿರುವುದು 26. ಕೆಲವು ಹಾಳೆಗಳಲ್ಲಿ ಅಚ್ಚು ಸೊಟ್ಟ ಬಿದ್ದಿದೆ. ಮಸಿ ಆರುವ ಮೊದಲೇ ಮಡಚಿದ ಗುರುತೂ ಇದೆ. ಇಲೆಕ್ಷನ್ ಹ್ಯಾಂಡ್‌ಬಿಲ್ ಹಾಕಿದವರಿಗೆ ಈ ಅವಸರ ನೋಡಿದ ಕೂಡಲೇ ತಿಳಿಯುತ್ತದೆ.

ಆ ಹಾಳೆಯಲ್ಲಿ 56 ಸಹಿಗಳಿಲ್ಲ, ಇದನ್ನು ತಪ್ಪದೇ ಹೇಳು. ಸಹಿ ಶುರುವಾಗಿದ್ದೇ ಆಗಸ್ಟ್‌ನಲ್ಲಿ. ಕೆಳಗೆ ಇರುವ ಹೆಸರುಗಳು ಕಾಂಗ್ರೆಸ್ಸಿನ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್, ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್, ಕೊನೆಗೆ ಮುದ್ರಕ ಡನ್‌ಲಾಪ್. ಬ್ರಿಟನ್ ರಾಜನ ಕಣ್ಣಿಗೆ ಅದು ರಾಜದ್ರೋಹದ ಕಾಗದ. ಅಂಥದ್ದರ ಮೇಲೆ ಹೆಸರಿರುವ ಮೂವರಲ್ಲಿ ಥಾಮ್ಸನ್, ಡನ್‌ಲಾಪ್ ಇಬ್ಬರೂ ಐರ್ಲೆಂಡ್‌ನಲ್ಲಿ ಹುಟ್ಟಿದವರು!

ವಿದ್ಯಾರ್ಥಿನಿ, ಹುಬ್ಬಳ್ಳಿ
ಕಾಕಾ, ಇದು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಅವನು ಯುದ್ಧಕ್ಕೆ ಹೋಗಲೇ ಇಲ್ವಾ?

ಪ್ರೆಸ್‌ನವನು, ಗದಗ
ಹೋದ. ಫಿಲಡೆಲ್ಫಿಯಾದ ಕುದುರೆ ಪಡೆಯಲ್ಲಿದ್ದ. ಟ್ರೆಂಟನ್, ಪ್ರಿನ್ಸ್‌ಟನ್ ಎರಡೂ ಕಡೆ ಸೇನಾಪತಿ ವಾಷಿಂಗ್ಟನ್ ಜೊತೆ ಕಾದಾಡಿದ. ಆದರೆ ಅದಕ್ಕೂ ಮೊದಲೇ, ಜುಲೈ 9ರಂದು, ವಾಷಿಂಗ್ಟನ್ ನ್ಯೂಯಾರ್ಕ್‌ನಲ್ಲಿ ತನ್ನ ಸೈನಿಕರ ಮುಂದೆ ಈ ಘೋಷಣೆಯನ್ನು ಓದಿಸಿದ್ದ. ಅವನ ಕೈಗೆ ಬಂದಿದ್ದು ಡನ್‌ಲಾಪ್ ಹಾಕಿದ ಪ್ರತಿಯೇ. ಹತ್ತು ನಿಮಿಷದಲ್ಲಿ ಐದನ್ನು ಆ ರಾತ್ರಿಗೇ ಕೊಡು. ಮೊಳೆ ಕೈಯಲ್ಲಿ ಹಿಡಿದು ತೋರಿಸಬೇಕು ಅಂದರೆ ಗದಗಕ್ಕೆ ಬಾ, ಒಂದು ಹಿಡಿ ಕೊಟ್ಟು ಕಳಿಸುತ್ತೇನೆ.