ಮಳೆಗಾಲದಲ್ಲಿ ಸಕ್ಕರೆ ಗುಲಾಬಿ ಜೋತುಬೀಳುತ್ತಿದೆ, ಏನು ಮಾಡಲಿ?

ಕುಡ್ಲ ಓವನ್: ಮಂಗಳೂರಿನಲ್ಲಿ ನಮ್ಮದು ಸಣ್ಣ ಕೇಕ್ ಅಂಗಡಿ. ಗಾಜಿನ ಕಪಾಟಿನಲ್ಲಿ ಮೂರು ಅಂತಸ್ತಿನ ಮದುವೆ ಕೇಕ್ ಪ್ರದರ್ಶನಕ್ಕೆ ಇಟ್ಟಿದ್ದೇನೆ. ಒಳಗೆ ಥರ್ಮಾಕೋಲ್, ಮೇಲೆ ಫಾಂಡೆಂಟ್ (ಲಟ್ಟಿಸಿ ಹೊದಿಸುವ ಮೆತ್ತನೆಯ ಸಕ್ಕರೆ ಹಿಟ್ಟು), ಅದರ ಮೇಲೆ ಕೈಯಲ್ಲೇ ಮಾಡಿದ 11 ಗುಲಾಬಿ. ಮೇ ತಿಂಗಳಲ್ಲಿ ಎಸಳು ತಟ್ಟಿದರೆ ಟಣ್ ಅನ್ನುತ್ತಿತ್ತು. ಮಳೆ ಹಿಡಿದು ಎಂಟು ದಿನವಾಗಿಲ್ಲ, ಹೊರಗಿನ ಎಸಳೆಲ್ಲ ನೆನೆದ ಹಪ್ಪಳದ ಹಾಗೆ ಜೋತುಬಿದ್ದಿವೆ. ಕೆಂಪು ಬಣ್ಣ ಬಿಳಿ ಫಾಂಡೆಂಟ್ ಮೇಲೆ ಇಳಿದಿದೆ. ಫ್ರಿಜ್‌ನಲ್ಲಿ ಇಟ್ಟರೆ ಗಟ್ಟಿಯಾಗುತ್ತಾ?

ಮೈಸೂರು ಮೈದಾ: ಫ್ರಿಜ್ ಬೇಡವೇ ಬೇಡ. ಹೊರಗೆ ತೆಗೆದ ಕೂಡಲೇ ತಣ್ಣಗಿನ ಹೂವು ಸೋಡಾ ಬಾಟಲಿ ಥರ ಬೆವರುತ್ತದೆ. ಕಪಾಟಿನೊಳಗೆ ಸಿಲಿಕಾ ಜೆಲ್ ಇಡಿ, ತೇವ ಹೀರುವ ಹರಳು.

ಸುಧಕ್ಕ: ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನಾವು ಸ್ಟೀಲ್ ಡಬ್ಬಿಗೆ ಹಾಕಿ ತಿಂಗಳುಗಟ್ಟಲೆ ಇಡುತ್ತೇವೆ. ಏನೂ ಆಗಲ್ಲ. ಉಪ್ಪಿನ ಡಬ್ಬಿಗೆ ಅಕ್ಕಿಕಾಳು ಹಾಕುವ ಹಾಗೆ ಒಂದು ಬಟ್ಟಲು ಅಕ್ಕಿ ಇಟ್ಟರೆ ಸಾಲದಾ?

ಮೈಸೂರು ಮೈದಾ: ಅಕ್ಕಾ, ಅಚ್ಚು ಜನವರಿಯದ್ದು. ಆಗ ನಮ್ಮ ಕಡೆ ಒಣ ಹವೆ. ಕರಾವಳಿ ಮಳೆಗೆ ಅಕ್ಕಿಯೇ ಮುಗ್ಗು ಹಿಡಿಯುತ್ತದೆ! 25 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಸುಮಾರು 85 ಪರ್ಸೆಂಟ್ ದಾಟಿದರೆ ಬರೀ ಸಕ್ಕರೆ ಕೂಡ ತಾನಾಗಿ ನೀರೆಳೆದು ಕರಗುತ್ತದೆ. ಓವನ್‌ನವರೇ, ಹೂವಿಗೆ ಫಾಂಡೆಂಟ್ ಬೆರೆಸಿದ್ದಿರಾ?

ಕುಡ್ಲ ಓವನ್: ಹೌದು, ಗಮ್ ಪೇಸ್ಟ್ (ಒಣಗಿದರೆ ಗಟ್ಟಿಯಾಗುವ ಸಕ್ಕರೆ ಹಿಟ್ಟು) ಜೊತೆ ಅರ್ಧಕ್ಕರ್ಧ. ಲಟ್ಟಿಸುವಾಗ ಬಿರುಕು ಬಿಡಬಾರದು ಅಂತ.

ಮೈಸೂರು ಮೈದಾ: ಅಲ್ಲೇ ಎಡವಟ್ಟಾಗಿದ್ದು. ಫಾಂಡೆಂಟ್‌ನ ಗ್ಲಿಸರಿನ್ ನೀರು ಹಿಡಿದುಕೊಳ್ಳುತ್ತದೆ. ಮೆತ್ತಗಿಡಲಿಕ್ಕೆ ಅಂತಲೇ ಅದನ್ನು ಹಾಕೋದು. ಬರೀ ಗಮ್ ಪೇಸ್ಟ್‌ನಲ್ಲಿ ಮಾಡಿ, ಗಟ್ಟಿಯಾಗಲಿಕ್ಕೆ ಟೈಲೋಸ್ ಅನ್ನುವ ಅಂಟುಪುಡಿ ಹಾಕಿದ್ದು.

ನಳಪಾಕ 2: ಇಷ್ಟೆಲ್ಲ ಯಾಕೆ? ಬೇಕರಿ ಸಾಮಾನಿನ ಅಂಗಡಿಯಲ್ಲಿ ತಿನ್ನುವ ಗ್ಲೇಜ್ ಸಿಗುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ತೆಳ್ಳಗೆ ಎರಡು ಕೈ ಹೊಡೆಯಿರಿ, ಮುಗೀತು.

ಮೈಸೂರು ಮೈದಾ: ಹೊಡೆದರೆ ಗುಲಾಬಿ ಪ್ಲಾಸ್ಟಿಕ್ ಥರ ಫಳಫಳ ಅನ್ನುತ್ತೆ. ಎಲೆಗಾದರೆ ಸರಿ. ಅದೂ ಹೂವು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಪಸೆ ಒಳಗೇ ಉಳಿಯುತ್ತೆ. ಎಸಳಿನ ಹಿಂಬದಿ ಬಿಟ್ಟರೆ ಹಾಕಿಯೂ ದಂಡ.

ನಳಪಾಕ 2: ಹಾಗಾದರೆ ಥರ್ಮಾಕೋಲ್ ಕೇಕಿಗೆ ಸಕ್ಕರೆ ಹೂವೇ ಬೇಕಾ? ಕಾರ್ನ್‌ಫ್ಲೋರಿಗೆ ಬಿಳಿ ಅಂಟು ಕಲಸಿ ಮಾಡಿದರೆ ವರ್ಷಗಟ್ಟಲೆ ಇರುತ್ತೆ. ಯಾರು ತಿನ್ನುತ್ತಾರೆ ಅದನ್ನು?

ಕುಡ್ಲ ಓವನ್: ತಿನ್ನಲ್ಲ ಮಾರಾಯ್ರೇ. ಆದರೆ ಅದನ್ನು ನೋಡಿ ಆರ್ಡರ್ ಕೊಡುತ್ತಾರಲ್ಲ? ಅಂಟಿನ ಎಸಳು ನಾನು ಸಕ್ಕರೆಯಲ್ಲಿ ತೆಗೆಯೋದಕ್ಕಿಂತ ತೆಳ್ಳಗೆ ಬರುತ್ತದೆ. ಆಮೇಲೆ "ತೋರಿಸಿದ್ದು ಒಂದು, ಕೊಟ್ಟಿದ್ದು ಒಂದು" ಅಂತ ಬೈಗುಳ ಯಾರಿಗೆ?

ಸುಧಕ್ಕ: ಅದು ನಿಜ. ಅಂದ ಹಾಗೆ, ಇರುವೆ ಬರಲ್ವಾ?

ಕುಡ್ಲ ಓವನ್: ಅದರ ಕತೆ ಬೇರೆಯೇ ಇದೆ ಅಕ್ಕಾ. ಕಪಾಟಿನ ಕಾಲಿಗೆ ನೀರಿನ ಬಟ್ಟಲು.

(ಐದು ದಿನದ ನಂತರ)

ಕುಡ್ಲ ಓವನ್: ಬರೀ ಗಮ್ ಪೇಸ್ಟ್‌ನಲ್ಲಿ ಮೂರು ಗುಲಾಬಿ ಮಾಡಿ ಇಟ್ಟೆ. ಜೊತೆಗೆ ಅರ್ಧ ಕೆಜಿ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ಎರಡೇ ದಿನಕ್ಕೆ ಎಲ್ಲ ಹಸಿರಾಗಿದೆ! ಮೋಸದ ಮಾಲಾ?

ಮೈಸೂರು ಮೈದಾ: ಅಲ್ಲ, ನೀರು ಕುಡಿದಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತೆ, ತಿಂಡಿಯ ಟ್ರೇಯಲ್ಲಿ ಮಾತ್ರ ಬೇಡ. ಆದರೆ ಎರಡು ದಿನ ತೀರಾ ಬೇಗ ಆಯ್ತು. ಕಪಾಟಿನ ಬಾಗಿಲು ಸರಿಯಾಗಿ ಕೂರುತ್ತಾ?

ಕುಡ್ಲ ಓವನ್: ಈಗ ನೋಡಿದೆ. ಸಂದಿನಲ್ಲಿ ನನ್ನ ಕಿರುಬೆರಳು ಆರಾಮಾಗಿ ತೂರುತ್ತೆ. ರಬ್ಬರ್ ಪಟ್ಟಿ ಹಾಕಲು ಗುರುವಾರ ಬಡಗಿ ಬರುತ್ತಾನಂತೆ. ಅಲ್ಲಿವರೆಗೆ ಹೂವುಗಳು ಸುಧಕ್ಕನ ಸ್ಟೀಲ್ ಡಬ್ಬಿಯಲ್ಲಿ.